ಹೊಳ್ಳರ ಗುಂಡುಕಲ್ಲು

ಪದ್ಮನಾಭ ಹೊಳ್ಳರು ಇಪ್ಪತ್ತೆರಡು ವರ್ಷಗಳಲ್ಲಿ ಒಂದೇ ಒಂದು ಬೆಳಿಗ್ಗೆಯೂ ಇಡ್ಲಿ ತಪ್ಪಿಸಿದವರಲ್ಲ. ವಡೋದರಾದಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಪಾದರಾ ಎಂಬ ಸಣ್ಣ ಊರಿನಲ್ಲಿ, ತರಕಾರಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಅವರ ಹೋಟೆಲು. ಮಗಳ ಮದುವೆಯ ದಿನವೂ ಅಲ್ಲಿ ಇಡ್ಲಿ ಬೆಂದಿತ್ತು. ಲಾಕ್‌ಡೌನಿನಲ್ಲಿ ಬೀದಿಯಲ್ಲಿ ನಾಯಿ ಕೂಡ ಇಲ್ಲದಾಗ ನಾಲ್ಕೇ ನಾಲ್ಕು ಬೆಂದಿದ್ದವು. ಎರಡನ್ನು ಹೊಳ್ಳರು, ಎರಡನ್ನು ಹೆಂಡತಿ ಸರಸ್ವತಿ ತಿಂದು ದಾಖಲೆ ಉಳಿಸಿದ್ದರು. ಈ ವ್ರತಕ್ಕೆ ದೀಕ್ಷೆ ಕೊಟ್ಟವರು, ಸೂರತ್ತಿನಲ್ಲಿ ಹೋಟೆಲು ನಡೆಸುತ್ತಿದ್ದ ಸೋದರಮಾವ. "ಇಡ್ಲಿ ಬೇಯದ ದಿನ ಬೋರ್ಡಿನಿಂದ ಉಡುಪಿ ಅಂಬ ಹೆಸ್ರು ಅಳಿಸ್. ಅಲ್ಲಿಗೆ ನಿನ್ ಕಥೆ ಮುಗೀತ್" ಎಂದು ಅಳಿಯನ ಕೈಗೆ ಸೌಟು ಕೊಟ್ಟಿದ್ದರು. ಮಾವ ತೀರಿಕೊಂಡು ಹತ್ತು ವರ್ಷವಾದರೂ ಹೊಳ್ಳರಿಗೆ ಆ ಮಾತು ಪ್ರತಿ ಬೆಳಿಗ್ಗೆ ಇಡ್ಲಿ ಪಾತ್ರೆಯ ಹಬೆಯಿಂದ ಕೇಳಿಸುತ್ತಿತ್ತು.

ಅಂಥ ವೀರನನ್ನು ಕೆಡವಲು ವಿಧಿ ಕಳಿಸಿದ್ದು ಮಳೆಯನ್ನು. ಶ್ರಾವಣದ ನಡುವೆ ಮೂರು ದಿನ ಬಿಡದೆ ಸುರಿದು, ಊರಿಗೆ ಕರೆಂಟು ಕೊಡುವ ಸ್ಟೇಷನ್ನಿನಲ್ಲಿ ಸೊಂಟದ ಮಟ್ಟ ನೀರು ನಿಂತಿತು. ಸೋಮವಾರ ಮಧ್ಯಾಹ್ನ ಫ್ಯಾನು ನಿಂತಾಗ ಹೊಳ್ಳರು "ಈಗ ಬತ್ತ್" ಅಂದರು. ರಾತ್ರಿಯೂ ಅದನ್ನೇ ಅಂದರು. ಇನ್ವರ್ಟರು ಅಂದೇ ಪ್ರಾಣ ಬಿಟ್ಟಿತು. ಜನರೇಟರು ನೀರು ಕುಡಿದು, ಎರಡು ಸಲ ಕೆಮ್ಮಿ ಮೌನವ್ರತ ಹಿಡಿಯಿತು. ವಡೋದರಾದ ರಸ್ತೆ ಮುಳುಗಿತ್ತು.

ಮಂಗಳವಾರ ಮೊದಲೇ ರುಬ್ಬಿಟ್ಟ ಹಿಟ್ಟಿತ್ತು. ಬುಧವಾರ ಅದೇ ಹಿಟ್ಟಿನ ಹುಳಿ ಶೇಷದಲ್ಲಿ ಮಾನ ಉಳಿಯಿತು. ಬುಧವಾರ ಬೆಳಿಗ್ಗೆ ಹತ್ತಕ್ಕೆ ಅಕ್ಕಿ, ಉದ್ದು ಎರಡೂ ಪಾತ್ರೆಯಲ್ಲಿ ನೆನೆದು ಉಬ್ಬಿದ್ದವು. ಪಕ್ಕದಲ್ಲಿ ಗ್ರೈಂಡರು ಮಾವುತನಿಲ್ಲದ ಆನೆಯಂತೆ ಸುಮ್ಮನೆ ನಿಂತಿತ್ತು. ಸಂಜೆಯೊಳಗೆ ರುಬ್ಬಿದರೆ ಮಾತ್ರ ಹಿಟ್ಟು ಉಬ್ಬಿ ಗುರುವಾರದ ಇಡ್ಲಿ. ಇಲ್ಲದಿದ್ದರೆ ಏಣಿ ತಂದು ಬೋರ್ಡು ಅಳಿಸುವುದು.

ಇತ್ತ ಊರು ಹೋಟೆಲಿಗೆ ಬಂದು ಕೂತಿತ್ತು. ಮನೆಯಲ್ಲಿ ಟಿವಿ ಇಲ್ಲ, ಫೋನು ಸತ್ತಿದೆ. ಕೂರಲು ಬೆಂಚಿದ್ದದ್ದು ಇಲ್ಲಿ ಮಾತ್ರ. ಹತ್ತು ವರ್ಷ ಅಕ್ಕಪಕ್ಕ ಇದ್ದವರು ಪರಸ್ಪರರ ಮಕ್ಕಳ ಹೆಸರು ಕೇಳಿ ತಿಳಿದುಕೊಳ್ಳುತ್ತಿದ್ದರು. ಗೊಬ್ಬರದ ಅಂಗಡಿಯ ಭೋಗೀಲಾಲ್ ಸೋಮವಾರದ ಪೇಪರನ್ನು ಮೂರನೇ ಸಲ ಓದುತ್ತ, ಊರಿನವರೆಲ್ಲರಂತೆ ಅಣ್ಣನನ್ನು ‘ಅನ್ನಾ’ ಮಾಡಿ, ಇಪ್ಪತ್ತು ವರ್ಷದಿಂದ ದಿನವೂ ಹೇಳುವ ಮಾತನ್ನು ಹೇಳಿದರು: "ಅನ್ನಾ, ಸಾಂಬಾರಿಗೆ ಇನ್ನೂ ಸ್ವಲ್ಪ ಬೆಲ್ಲ ಹಾಕು."

ಒಳಗೆ ಸರಸ್ವತಿ ಮೆಲ್ಲಗೆ ಕೇಳಿದರು. "ಅತ್ತೆ ಕೊಟ್ಟ ರುಬ್ಬುಗಲ್ಲು ಇತ್ತಲ್ದಾ?"

"ಒರಳು ಹಿತ್ತಲಲ್ಲಿ ಇತ್ತ್. ನಾಯಿಗೆ ನೀರು ಹಾಕೂಕೆ."

"ಗುಂಡುಕಲ್ಲು?"

ಇಬ್ಬರೂ ಕಿಟಕಿಯಿಂದ ಓಣಿಯ ತುದಿಯ ಬೇವಿನ ಮರದ ಕಡೆ ನೋಡಿದರು. ಮರದ ಬುಡದಲ್ಲಿ, ಬಿಲ್ವಪತ್ರೆ ಹೊದ್ದು, ಗಂಧ ಬಳಿದುಕೊಂಡು, ಹಾಲಿನಲ್ಲಿ ಮಿಂದು ಗುಂಡುಕಲ್ಲು ಕೂತಿತ್ತು.

ಹದಿನಾರು ವರ್ಷದ ಹಿಂದೆ, ಗ್ರೈಂಡರು ಬಂದ ದಿನ ನಡೆದ ಅನಾಹುತ ಅದು. ಕುಂದಾಪುರದಿಂದ ರೈಲಿನಲ್ಲಿ ಬಂದ ಆ ಕಲ್ಲಿಗೆ ಅಡುಗೆಮನೆಯಲ್ಲಿ ಜಾಗವಿಲ್ಲವಾಯಿತು. ಹೊಳ್ಳರು ಗುಂಡನ್ನು ಹೆಗಲ ಮೇಲೆ ಹೊತ್ತು ಹೋಗಿ ಮರದ ಕೆಳಗಿಟ್ಟರು. ಉರುಟು ತಳ ಕೆಳಗಿದ್ದರೆ ಉರುಳುತ್ತದೆಂದು ತಲೆಕೆಳಗಾಗಿ ನಿಲ್ಲಿಸಿದರು. ಮಾಡಿದ ತಪ್ಪು ಇಷ್ಟೆ. ಎರಡು ದಿನದಲ್ಲಿ ಅದರ ಮೇಲೆ ನೀರು ಬಿತ್ತು. ವಾರದಲ್ಲಿ ಹೂವು. ಶ್ರಾವಣ ಬರುವ ಹೊತ್ತಿಗೆ ಓಣಿಯ ಹೆಂಗಸರೆಲ್ಲ ಮಹಾದೇವನಿಗೆ ಹಾಲೆರೆಯಲು ಸಾಲು ನಿಂತಿದ್ದರು. ಹೇಳಿಬಿಡಬೇಕೆಂದು ಹೊಳ್ಳರು ಎರಡು ಸಲ ಹೊರಟರು. ಎರಡು ಸಲವೂ ಹಾಲೆರೆದವರು ನೇರ ಹೋಟೆಲಿಗೇ ಬಂದು ಉಪವಾಸದ ಸಾಬಕ್ಕಿ ಖಿಚಡಿ ಕೇಳಿದರು. ಹೊಳ್ಳರು ಖಿಚಡಿ ಮಾಡಲು ಒಳಗೆ ಹೋದರು. ಸತ್ಯ ಹಾಗೇ ಒಳಗುಳಿಯಿತು. ಆಮೇಲೆ ದಿನವೂ ಬಾಗಿಲು ತೆಗೆಯುವಾಗ ಮರದ ಕಡೆ ಕೈಮುಗಿಯತೊಡಗಿದರು. ಮೊದಮೊದಲು ಯಾರಾದರೂ ನೋಡಿಯಾರೆಂದು. ಈಚೆಗೆ ಯಾಕೆಂದು ಅವರಿಗೇ ತಿಳಿಯುತ್ತಿರಲಿಲ್ಲ.

"ಹೋಯಿ ಕೇಣಿ" ಎಂದು ಓಣಿಯವರನ್ನು ಕೇಳಿ ಬರಲು ಹೇಳಿದರು ಸರಸ್ವತಿ.

"ಎಂತ ಕೇಂಬುದು? ನಿಮ್ಮ ದೇವರು ನಮ್ಮ ಅಡುಗೆಸಾಮಾನು ಅಂದಾ?"

"ಇಲ್ಲದಿದ್ರೆ ಏಣಿ ತನ್ನಿ, ಬೋರ್ಡು ಅಳಿಸುವ."

ಹೊಳ್ಳರು ಹೊರಟರು. ನಲವತ್ತು ಹೆಜ್ಜೆಯ ಆ ದಾರಿಯನ್ನು ಯಾವ ಸೇನಾಪತಿಯೂ ಅಷ್ಟು ನಿಧಾನವಾಗಿ ನಡೆದಿರಲಾರ. ದಾಖಲೆಗಾಗಿ ಒಂದು ಓಣಿಯ ದೇವರನ್ನು ಕಿತ್ತುಕೊಳ್ಳುವುದೇ? ಇಪ್ಪತ್ತೆರಡು ವರ್ಷದ ಇಡ್ಲಿ ದೊಡ್ಡದೋ, ಹದಿನಾರು ವರ್ಷದ ಹಾಲು ದೊಡ್ಡದೋ? ಹೊಳ್ಳರಿಗೆ ಮೊದಲ ಬಾರಿಗೆ ತಮ್ಮ ವ್ರತ ಸ್ವಲ್ಪ ಸಣ್ಣದಾಗಿ ಕಂಡಿತು. ಅಷ್ಟರಲ್ಲಿ ಮರ ಬಂದುಬಿಟ್ಟಿತು.

ಮರದ ಪಕ್ಕದ ಜಗಲಿಯಲ್ಲಿ ಗೋಮತಿಬಾ ಕೂತಿದ್ದರು. ಎಂಬತ್ತು ದಾಟಿದ ಮುದುಕಿ, ಓಣಿಗೆಲ್ಲ ‘ಬಾ’, ಅಂದರೆ ಅಮ್ಮ. ಕಲ್ಲಿಗೆ ಮೊಟ್ಟಮೊದಲ ಚೊಂಬು ನೀರು ಎರೆದವರು ಅವರೇ ಎಂದು ಓಣಿಯೆಲ್ಲ ಹೇಳುತ್ತಿತ್ತು. ಹೊಳ್ಳರು ಮುರುಕು ಗುಜರಾತಿಯಲ್ಲಿ ಮಳೆಯ ವಿಷಯ ತೆಗೆದರು. ಕರೆಂಟಿನ ವಿಷಯಕ್ಕೆ ಬಂದರು. ಗ್ರೈಂಡರಿಗೆ ಬಂದರು. ಅಲ್ಲಿಂದ ಮುಂದೆ ದಾರಿ ಕಾಣಲಿಲ್ಲ.

"ಕಲ್ಲು ಬೇಕಾ?" ಎಂದರು ಗೋಮತಿಬಾ.

"ಬಾ, ನಿಮಗೆ ಗೊತ್ತಿತ್ತಾ?"

"ನೀನು ಹೊತ್ತು ತಂದಾಗ ನಾನು ಇಲ್ಲೇ ಕೂತಿದ್ದೆ. ದಾರಿಯುದ್ದ ಅದನ್ನು ಬೈಯುತ್ತ ಬಂದೆ. ನಿನ್ನ ಭಾಷೆ ನನಗೆ ಬರಲ್ಲ ಮಗಾ, ಆದರೆ ಬೈಗುಳ ಯಾರಿಗೆ ತಿಳಿಯಲ್ಲ?"

"ಮತ್ತೆ ನೀರು ಯಾಕೆ ಎರೆದಿರಿ?"

"ಆ ವಾರ ನನ್ನ ಮಗ ಕಿರೀಟ್ ಅಹಮದಾಬಾದಿನ ಆಸ್ಪತ್ರೆಯಲ್ಲಿದ್ದ. ದೇವಸ್ಥಾನ ದೂರ, ನನ್ನ ಮಂಡಿ ಹೋಗಿತ್ತು. ಕೈಯಲ್ಲಿ ಚೊಂಬು ಹಿಡಿದು ಎಲ್ಲಿಗೆ ಹೋಗಲಿ? ನೀನು ಮನೆ ಮುಂದೆಯೇ ಒಂದು ಕಲ್ಲು ತಂದಿಟ್ಟೆ. ಎರೆದೆ. ಹುಡುಗ ಎದ್ದು ಮನೆಗೆ ಬಂದ. ಆಮೇಲೆ ನಿಲ್ಲಿಸಕ್ಕಾಗುತ್ತಾ? ನೀನೇ ಹೇಳು."

ಹೊಳ್ಳರು ಕಲ್ಲಿಗೆ ಕೈಮುಗಿದರು.

"ತಗೊಂಡು ಹೋಗು. ಸೋಮವಾರದೊಳಗೆ ವಾಪಸು ತಾ" ಎಂದ ಗೋಮತಿಬಾ ಓಣಿಗೆಲ್ಲ ಕೇಳುವಂತೆ ಕೂಗಿದರು: "ಬನ್ರೇ! ಮಹಾದೇವರಿಗೆ ಇವತ್ತು ಅನ್ನಾನ ಮನೆಯಲ್ಲಿ ಕೆಲಸ ಇದೆ!"

ಯಾಕೆ, ಎತ್ತ ಎಂದು ಯಾರೂ ಕೇಳಲಿಲ್ಲ. ಮೂರು ದಿನದಿಂದ ಟಿವಿ ಇಲ್ಲದ ಓಣಿಗೆ ಇಷ್ಟು ಸಾಕಿತ್ತು. ಕಲ್ಲನ್ನು ತೊಳೆದರು, ಹೊಸ ಟವೆಲಿನಲ್ಲಿ ಸುತ್ತಿದರು, ಗಂಟೆ ಬಾರಿಸುತ್ತ ಮೆರವಣಿಗೆ ಹೊರಡಿಸಿದರು. ಎತ್ತಿಕೊಳ್ಳಲು ಕೈಚಾಚಿದ ಹೊಳ್ಳರಿಗೆ "ಸ್ನಾನ ಆಗಿದೆಯಾ?" ಎಂಬ ಪ್ರಶ್ನೆ ಬಂತು. ಪಂಪು ನಿಂತು ಎರಡು ದಿನವಾಗಿತ್ತು, ಆಗಿರಲಿಲ್ಲ. ತಮ್ಮದೇ ಗುಂಡುಕಲ್ಲಿನ ಹಿಂದೆ, ಐದಡಿ ದೂರದಲ್ಲಿ, ಅವರು ನಡೆದು ಬಂದರು.

ಸರಸ್ವತಿ ಒರಳನ್ನು ಮೂರು ಸಲ ಉಜ್ಜಿ ಇಟ್ಟಿದ್ದರು. ಒಂದು ಕೈಯಲ್ಲಿ ಗುಂಡು ತಿರುಗಿಸುತ್ತ ಇನ್ನೊಂದರಲ್ಲಿ ಹಿಟ್ಟು ಒಳಗೆ ತಳ್ಳುವುದನ್ನು ತೋರಿಸಿಕೊಟ್ಟರು. ಹೆಂಗಸರು ಸರದಿಯಲ್ಲಿ ಕೂತರು. ಸೊಸೆಯೊಬ್ಬಳು ಭಜನೆ ಎತ್ತಿದಳು. ಉದ್ದು ನುಣ್ಣಗಾಗುವಷ್ಟರಲ್ಲಿ ಅದು ಗರಬಾದ ಲಯಕ್ಕೆ ಜಾರಿತ್ತು. ಹೊಳ್ಳರು ಗಲ್ಲಾಪೆಟ್ಟಿಗೆಯ ಹಿಂದೆ ಕೆಲಸವಿಲ್ಲದೆ ಕೂತು, ತಾಯಿಯ ಅಡುಗೆಮನೆಯಿಂದ ಈ ಸದ್ದು ಕೇಳುತ್ತ ಮಲಗಿರುತ್ತಿದ್ದ ಬೆಳಗುಗಳನ್ನು ನೆನೆದರು. ಆ ಸದ್ದನ್ನು ಹದಿನಾರು ವರ್ಷದ ಹಿಂದೆ ಹೆಗಲ ಮೇಲೆ ಹೊತ್ತು ಬೈಯುತ್ತ ಹೊರಗೆ ಹಾಕಿದವರು ತಾವೇ ಎಂಬುದೂ ನೆನಪಾಯಿತು.

ಗುರುವಾರ ಬೆಳಿಗ್ಗೆ ಇಡ್ಲಿ ಬೆಂದಿತು. ದಾಖಲೆ ಉಳಿಯಿತು. ನಿಜ ಹೇಳಬೇಕೆಂದರೆ ಇಡ್ಲಿ ಚೆನ್ನಾಗಿರಲಿಲ್ಲ. ತರಿತರಿ, ಸ್ವಲ್ಪ ಗಟ್ಟಿ, ನಡುವೆ ಒಂದೊಂದು ಅಕ್ಕಿಕಾಳು. ಇಪ್ಪತ್ತೆರಡು ವರ್ಷದ ಕೈಗೆ ಇದು ಗೊತ್ತಾಗದೆ ಇರುತ್ತದೆಯೇ? ಆದರೆ ಊರಿಗೆ ಊರೇ ಬಂದು, ಚಪ್ಪಲಿ ಹೊರಗೆ ಬಿಟ್ಟು, ಎರಡೂ ಕೈಯಲ್ಲಿ ತಟ್ಟೆ ಹಿಡಿದು, ಕಣ್ಣಿಗೊತ್ತಿಕೊಂಡು ತಿಂದಿತು. ಯಾವ ಹೋಟೆಲಿನವನಿಗೂ ಸಿಗದ ಭಾಗ್ಯ, ಗೊಣಗದ ಗಿರಾಕಿ, ಅಂದು ಹೊಳ್ಳರಿಗೆ ನೂರರ ಲೆಕ್ಕದಲ್ಲಿ ಸಿಕ್ಕಿತು.

ಅವರಿಗೆ ಅದನ್ನು ಸಹಿಸಲಾಗಲಿಲ್ಲ. ಭೋಗೀಲಾಲರ ಬಳಿ ಹೋಗಿ ನಿಂತರು. "ಸಾಂಬಾರು ಹೇಗಿದೆ?"

"ಪ್ರಸಾದಕ್ಕೆ ಹಾಗೆಲ್ಲ ಕೇಳಬಾರದು ಅನ್ನಾ" ಎಂದು ಭೋಗೀಲಾಲ್ ಗಂಭೀರವಾಗಿ ತಲೆ ತಗ್ಗಿಸಿದರು.

ಹೊಳ್ಳರು ಪೆಚ್ಚಾಗಿ ಹಿಂದಿರುಗಿದರು. ಮೆಚ್ಚಿಕೊಂಡದ್ದು ಕಲ್ಲನ್ನು, ತಾವು ಬರೀ ಬಡಿಸಿದವರು. ಹನ್ನೊಂದೂವರೆಗೆ ಫ್ಯಾನುಗಳು ಒಮ್ಮೆಲೇ ತಿರುಗಿದವು. ಬೀದಿಯೆಲ್ಲ ಹೋ ಎಂದಿತು. ಯಾರದೋ ಟಿವಿ ಅರ್ಧ ವಾಕ್ಯದಿಂದ ಅರಚಿತು. ಕೊನೆಯ ತುತ್ತು ನುಂಗುತ್ತಿದ್ದ ಭೋಗೀಲಾಲ್ ಫ್ಯಾನಿನ ಗಾಳಿಗೆ ಅಂಗಿಯ ಗುಂಡಿ ಬಿಚ್ಚಿ, ತಲೆ ಎತ್ತಿ ಹೇಳಿದರು: "ಅನ್ನಾ, ನಾಳೆಯಿಂದಾದರೂ ಸಾಂಬಾರಿಗೆ ಸ್ವಲ್ಪ ಬೆಲ್ಲ ಹಾಕು."

ಹೊಳ್ಳರಿಗೆ ಅವರನ್ನು ತಬ್ಬಿಕೊಳ್ಳಬೇಕೆನಿಸಿತು.

ಭಾನುವಾರ ಸಂಜೆ, ಸ್ನಾನ ಮಾಡಿ, ಗುಂಡುಕಲ್ಲನ್ನು ಹೊಳ್ಳರೇ ಹೆಗಲ ಮೇಲೆ ಹೊತ್ತರು. ಬೈಯಲಿಲ್ಲ. ಹಿಂದೆ ಕೈಗಾಡಿಯಲ್ಲಿ ಒರಳನ್ನೂ ತಳ್ಳಿಸಿಕೊಂಡು ಬಂದರು. "ಇದ್ಯಾಕೆ?" ಎಂದರು ಗೋಮತಿಬಾ.

"ಕೂರಲು ಪೀಠ ಬೇಡವಾ, ಬಾ?"

ಸರಸ್ವತಿ ಪಕ್ಕದಲ್ಲಿ ಪಿಸುಗುಟ್ಟಿದರು. "ಮತ್ತೊಂದ್ ಸಲ ಕರೆಂಟು ಹೋದ್ರೆ ಎಂತ ಮಾಡ್ತ್ರಿ?"

"ಇಲ್ಲಿ ಬಂದ್ ಕೇಂಬುದು" ಎಂದರು ಹೊಳ್ಳರು. "ಕೊಡದಿದ್ರೆ ಅವತ್ತು ಇಡ್ಲಿ ಇಲ್ಲ."

ಒರಳಿನ ಕುಳಿಗೆ ಮರಳು ತುಂಬಿ ಗುಂಡನ್ನು ನಿಲ್ಲಿಸಿದರು. ಕುಂದಾಪುರದ ಅಡುಗೆಮನೆಯಲ್ಲಿ ಜೊತೆಯಾಗಿದ್ದ ಎರಡು ಕಲ್ಲುಗಳು ಬೇವಿನ ಮರದ ಕೆಳಗೆ ಮತ್ತೆ ಜೊತೆಯಾದವು. ಗುಂಡು ತಲೆಕೆಳಗಾಗಿತ್ತು, ಅಷ್ಟೆ. ಗೋಮತಿಬಾ ಚೊಂಬು ಮುಂದೆ ಚಾಚಿದರು. ಹೊಳ್ಳರು ಸುತ್ತ ಯಾರು ನೋಡುತ್ತಿದ್ದಾರೆಂದು ತಿರುಗಿ ನೋಡದೆ ನೀರೆರೆದರು.