ನಾನು ತುಂಬಿದ ಉಡಿ

ಚಿನ್ನವ್ವ, ಪುಟ್ಟಪ್ಪ, ನಿಮ್ಮ ಅಜ್ಜಿಗೆ ಮಾತೇ ಬರುವುದಿಲ್ಲ ಎಂದು ನೀವು ನಗುತ್ತೀರಿ. ಮಾತಾಡದವಳಿಗೆ ಸಿಟ್ಟೂ ಇರುವುದಿಲ್ಲ ಎಂದುಕೊಳ್ಳಬೇಡಿ.

ನಿಮ್ಮ ಅಜ್ಜ ತೀರಿಕೊಂಡ ಮೇಲೂ ನಾವು ಲಕ್ಷ್ಮೇಶ್ವರದಲ್ಲೇ ಇದ್ದೆವು. ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಕನ್ನಡಶಾಲೆಯ ಅಕ್ಕೋರು ನನಗೊಂದು ಕಾದಂಬರಿ ಕೊಟ್ಟಿದ್ದರು. ಬರೆದವಳು ಆಫ್ರಿಕಾದ ಹೆಂಗಸು. ಯಾರೋ ಕನ್ನಡಕ್ಕೆ ತಂದಿದ್ದರು. ರೊಟ್ಟಿ ಬಡಿದಾದ ಮೇಲೆ ಒಲೆಯ ಮುಂದೆ ಕುಳಿತು ಓದಿದೆ. ಅಲ್ಲಿಯೂ ಗಂಡ ಸತ್ತವಳಿಗೆ ಮೂಲೆಯೇ ಗತಿ. ಅಲ್ಲಿಯೂ ಅದಕ್ಕೆ ವಿಧಿ ಎಂದೇ ಹೆಸರು. ಕಡೆಯಲ್ಲಿ ಲೇಖಕಿ ತನ್ನ ಬದುಕು, ಪ್ರೀತಿಯ ಬಗ್ಗೆ ಬರೆದು, ಭರವಸೆ ಬಿಡಬಾರದು ಅಂದಿದ್ದಳು. ಅವಳ ಮೇಲೂ ಸಿಟ್ಟು ಬಂತು. ಭರವಸೆ ಇಟ್ಟುಕೊಂಡು ಅಡುಗೆಮನೆಯಲ್ಲಿ ಕೂತಿರಬೇಕೇನು?

ಮದುವೆಯ ಮರುದಿನ ನಿಮ್ಮವ್ವನನ್ನು ಮುಂಡರಗಿಗೆ ಕಳಿಸುವ ಮುಂಚೆ ಉಡಿ ತುಂಬಬೇಕಿತ್ತು. ಅಕ್ಕಿ ಹಸನು ಮಾಡಿ, ಕೊಬ್ಬರಿ ಬಟ್ಟಲು, ಅರಿಷಿಣ ಬೇರು ಸಹಿತ ಮೊರದಲ್ಲಿ ಹೊಂದಿಸಿದವಳು ನಾನೇ. ಹಸನು ಮಾಡಬಹುದು, ಮಗಳ ಸೆರಗಿಗೆ ಹಾಕಬಾರದು. ನನ್ನ ನಾದಿನಿ ಮೊರ ಎತ್ತಿಕೊಂಡಳು.

"ಅವ್ವ ಎಲ್ಲಿ? ಅಕಿನ ತುಂಬ್ಲಿ," ಎಂದಳು ನಿಮ್ಮವ್ವ.

"ಹುಚ್ಚಿ, ಮುತ್ತೈದೇರು ತುಂಬ್ತಾರವಾ. ನಿಮ್ಮವ್ವನ ಹಣೆಬರಹ, ಏನ್ ಮಾಡಾಕಾಗತೈತಿ?"

"ನನ್ನ ಹಡಿಯಾಕ ಅಕಿ ಬೇಕಾಗಿದ್ಲು, ಈಗ ಬ್ಯಾಡೇನು ಅತ್ತಿ?"

"ಬಾಯಿ ನೋಡು ಬಾಯಿ! ಗಂಡನ ಮನ್ಯಾಗೂ ಹಿಂಗ ಮಾತಾಡು, ನಾಳೆನ ತಿರುಗಿ ಕಳಸ್ತಾರ!"

ನಾನು ಬಾಗಿಲ ಹಿಂದಿನಿಂದ ಹೊರಬಂದೆ. ಬೊಗಸೆ ತುಂಬ ಅಕ್ಕಿ ತೆಗೆದು ಮಗಳ ಸೆರಗಿಗೆ ಹಾಕಿದೆ. ನಾದಿನಿ ಅದನ್ನು ಸುರುವಿಸಿ ಬೇರೆ ಅಕ್ಕಿ ತುಂಬಿಸಲು ನೋಡಿದಳು. ಮಗಳು ಸೆರಗು ಬಿಗಿಹಿಡಿದಳು. ಬಸ್ಸಿನಲ್ಲಿ ಮುಂಡರಗಿಯವರೆಗೂ ಕೈ ಸಡಿಲಿಸಲಿಲ್ಲವಂತೆ. ಪ್ರೀತಿಯ ಬಗ್ಗೆ ನನಗೆ ಗೊತ್ತಿರುವುದು ಇಷ್ಟೇ.

ಅವಳ ಮೊದಲ ಬಸಿರು ನಿಲ್ಲದಿದ್ದಾಗ ಎಲ್ಲರೂ ನನ್ನ ಕೈಯನ್ನು ದೂರಿದರು. ಮನೆಗೇ ಬಂದು ದೂರಿದರು. ಆಮೇಲೆ ನೀವಿಬ್ಬರೂ ಹುಟ್ಟಿದಿರಿ. ಆಗ ಯಾರಿಗೂ ಆ ಕೈ ನೆನಪಾಗಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವುದೂ ಬೇಡ.

ಈ ಹಾಳೆಗಳು ಇಲಿಯ ಪಾಲಾಗದಂತೆ ನೋಡಿಕೊಳ್ಳಿ. ಚಿನ್ನವ್ವ, ನಿನ್ನ ಉಡಿ ತುಂಬುವ ದಿನ ಗಂಡನಿಲ್ಲದ ಯಾವ ಹೆಂಗಸನ್ನಾದರೂ ಒಳಗೆ ಕೂರಿಸಿದರೆ, ಇವನ್ನು ತೆಗೆದು ಎಲ್ಲರಿಗೂ ಕೇಳುವಂತೆ ಓದು.