ಅಪ್ಪನ ಹೊಲಿಗೆ

ಕಾರು, ಜೀಪುಗಳ ಸೀಟು, ಟಾಪು ಹೊಲಿಯುವ ನಮ್ಮ ಚಿಕ್ಕಪ್ಪ ಇಪ್ಪತ್ತು ವರ್ಷ ಕಾದು, ಊರಿಗೊಂದೇ ಆಗಿದ್ದ ಆ ಹಳೆಯ ತೆರೆದ ಕಾರನ್ನು ಕೊಂಡರು. ಅದರ ಮಡಚುವ ಬಟ್ಟೆಯ ಟಾಪನ್ನು ಹಿಂದೆ ಹೊಲಿದವರು ಅವರ ಅಪ್ಪ. ಈಗ ಅದು ಅಲ್ಲಲ್ಲಿ ಹರಿದಿತ್ತು. ಹೊಸದು ಹಾಕಲು ಅಪ್ಪನ ಹೊಲಿಗೆ ಬಿಚ್ಚಬೇಕು. ಚಿಕ್ಕಪ್ಪನಿಗೆ ಕೈ ಬರಲಿಲ್ಲ. ಕಾರು ಶೆಡ್ಡಿನಲ್ಲೇ ನಿಂತಿತು.

"ಊರ ಜೀಪಿಗೆಲ್ಲ ಕೊಡೆ ಹಿಡೀತೀರಿ, ನಮ್ಮದು ಮಾತ್ರ ಹರಕಲು," ಎಂದು ಚಿಕ್ಕಮ್ಮ ಕೆಣಕಿದರು.

"ಬಿಚ್ಚಿದ್ರೆ ಅಪ್ಪಂದು ಅಂತ ಏನುಳಿಯುತ್ತೆ ಹೇಳು?"

"ಮಾವನೋರು ಅವತ್ತು ಅದರಲ್ಲಿದ್ದ ಹಳೇದನ್ನ ಬಿಚ್ಚದೇನೇ ಹೊಲಿದ್ರೇನ್ರೀ?"

ಮರುದಿನ ಚಿಕ್ಕಪ್ಪ ಒಂದೊಂದೇ ಎಳೆ ಬಿಚ್ಚತೊಡಗಿದರು. ಮೂಲೆಯಲ್ಲಿ, ನೀರು ಇಳಿಯದಂತೆ ಬಟ್ಟೆಯನ್ನು ಒಳಗೊಳಗೇ ಮೂರು ಸಲ ಮಡಚಲಾಗಿತ್ತು. ಅಪ್ಪ ಅದನ್ನು ಅವರಿಗೆ ಎಂದೂ ಹೇಳಿಕೊಟ್ಟಿರಲಿಲ್ಲ. ಚಿಕ್ಕಪ್ಪ ಹೊಸ ಬಟ್ಟೆಯ ತುದಿಯನ್ನು ಹಾಗೆಯೇ ಮಡಚಿ ನೋಡಿದರು. ಎರಡನೆಯ ಪ್ರಯತ್ನಕ್ಕೆ ಮಡಿಕೆ ಸರಿಯಾಗಿ ಕೂತಿತು.