ಬರಿಗಾಲಿನ ಮೆಟ್ಟಿಲು

ಶ್ರೀರಂಗಪಟ್ಟಣದಿಂದ ಉತ್ತರಕ್ಕೆ ಹೊರಟ ನಾವು ಕೆ.ಆರ್. ಪೇಟೆ ಬಳಿಯ ಈ ಜಲಪಾತವನ್ನು ಆರಿಸಿದ್ದು ಮಂಡಿನೋವಿನ ಅತ್ತೆಗಾಗಿ. ಕಾರು ನೀರಿನ ಸಮೀಪಕ್ಕೇ ಹೋಗುತ್ತದೆ. ಇಳಿಯಬೇಕಾದ ಕೆಲವೇ ಮೆಟ್ಟಿಲುಗಳ ತುಂಬ ಒಡೆದ ಬಾಟಲಿಗಳ ಚೂರು. ಆದರೂ ಅತ್ತೆ ಚಪ್ಪಲಿ ಬಿಚ್ಚಿದರು.

"ಹಾಕ್ಕೊಂಡೇ ಇಳೀರಿ ಅತ್ತೆ."

"ಗಂಗಮ್ಮನ್ನ ಮೆಟ್ನಲ್ಲಿ ತುಳಿಯಾಕಾಯ್ತದಾ? ಬುಡವ್ವ, ಒಂದ್ಸಲ ಕಾಲ್ ನೆನೆಸ್ಕೊಂಡ್ ಬತ್ತೀನಿ."

ವಾಹನ ನಿಲುಗಡೆಯ ಚೀಟಿ ಹರಿದುಕೊಟ್ಟಿದ್ದ ಗುತ್ತಿಗೆದಾರನನ್ನು ಕರೆದು, ಈ ಗಾಜಿನ ಚೂರುಗಳಿಗೆ ಹೊಣೆ ಯಾರೆಂದು ಕೇಳಿದೆ.

"ಕುಡ್ದೋರ್ನ ಕೇಳಿ ಮೇಡಂ. ನಮ್ದು ಪಾರ್ಕಿಂಗ್ ಅಷ್ಟೇಯ."

"ಸರಿ, ನೀವೇ ಬರಿಗಾಲಲ್ಲಿ ಮುಂದೆ ಇಳಿದು ಇವರಿಗೆ ದಾರಿ ತೋರಿಸಿ."

"ಬಾರಪ್ಪ, ನಿನ್ ಕೈ ಇಡ್ಕೊತೀನಿ," ಎಂದು ಅತ್ತೆ ನಂಬಿಕೆಯಿಂದ ಕೈ ಚಾಚಿದರು.

ಆತ ಒಂದು ಶೂ ಬಿಚ್ಚಿ, ಮೊದಲ ಮೆಟ್ಟಿಲನ್ನು ನೋಡುತ್ತ ನಿಂತ. ಆಮೇಲೆ ಎಳನೀರಿನ ಅಂಗಡಿಯತ್ತ ತಿರುಗಿ ಕೂಗಿದ: "ಅಕ್ಕೋ, ಪೊರಕೆ ಐತಾ? ಬಿರ್ನೆ ಕೊಡಕ್ಕ!"